ಆನೆಗೆ ಕ್ಯಾನ್ಸರ್ ಕಡಿಮೆ ಏಕೆ? ಆ ಉತ್ತರದಿಂದ ನಮಗೆ ಏನು ಸಿಗಬಹುದು?

ಆನೆಯ ದೇಹದಲ್ಲಿ ನಮ್ಮ ದೇಹಕ್ಕಿಂತ ಸುಮಾರು ನೂರು ಪಟ್ಟು ಜಾಸ್ತಿ ಜೀವಕೋಶಗಳಿವೆ. ಆಯಸ್ಸೂ ಕಡಿಮೆಯೇನಲ್ಲ, ಐವತ್ತು ಅರವತ್ತು ವರ್ಷ ಬದುಕುತ್ತದೆ. ಹಾಗಿದ್ದ ಮೇಲೆ ಆನೆಗಳಿಗೆ ಮನುಷ್ಯರಿಗಿಂತ ಎಷ್ಟೋ ಹೆಚ್ಚು ಕ್ಯಾನ್ಸರ್ ಬರಬೇಕಿತ್ತು. ಆದರೆ ಬರುವುದು ನಮಗಿಂತ ಕಡಿಮೆ.

ಯಾಕೆ ಹೆಚ್ಚು ಬರಬೇಕಿತ್ತು ಅನ್ನುವುದನ್ನು ಮೊದಲು ನೋಡೋಣ. ಒಂದು ಜೀವಕೋಶ ಎರಡಾಗುವಾಗ ಅದರೊಳಗಿನ ಡಿಎನ್‌ಎ ಪೂರ್ತಿಯಾಗಿ ನಕಲಾಗಬೇಕು. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಹಿಂದೆ ಒಂದು ಓಲೆಗರಿ ನೋಡಿಕೊಂಡು ಇನ್ನೊಂದು ಓಲೆಗರಿ ಬರೆಯುತ್ತಾ ಹೋದಾಗ ತಪ್ಪುಗಳು ಸೇರಿಕೊಳ್ಳುತ್ತಿದ್ದವಲ್ಲ, ಇಲ್ಲೂ ಹಾಗೆಯೇ. ಹೆಚ್ಚಿನ ತಪ್ಪುಗಳನ್ನು ಕೋಶವೇ ತಿದ್ದಿಕೊಳ್ಳುತ್ತದೆ. ಕೆಲವು ಉಳಿದುಬಿಡುತ್ತವೆ. ಬೆಳವಣಿಗೆಯನ್ನು ಹಿಡಿತದಲ್ಲಿಡುವ ಜಾಗಗಳಲ್ಲೇ ಇಂಥ ಹಲವು ತಪ್ಪುಗಳು ಒಂದು ಕೋಶದಲ್ಲಿ ಸೇರಿದರೆ, ಅದು ಲಂಗುಲಗಾಮಿಲ್ಲದೆ ಬೆಳೆಯತೊಡಗುತ್ತದೆ. ಅದೇ ಕ್ಯಾನ್ಸರ್. ಕೋಶಗಳು ಜಾಸ್ತಿ ಇದ್ದಷ್ಟೂ, ಬದುಕು ಉದ್ದವಾದಷ್ಟೂ ಅಪಾಯ ಹೆಚ್ಚಬೇಕು.

ಒಂದೇ ಜಾತಿಯ ಪ್ರಾಣಿಗಳೊಳಗೆ ಈ ಲೆಕ್ಕ ಸರಿಯಾಗಿಯೇ ಇದೆ. ಎತ್ತರದ ಮನುಷ್ಯರಿಗೆ ಕುಳ್ಳಗಿರುವವರಿಗಿಂತ ಕ್ಯಾನ್ಸರ್ ಅಪಾಯ ತುಸು ಹೆಚ್ಚು. ದೊಡ್ಡ ತಳಿಯ ನಾಯಿಗಳಿಗೆ ಮೂಳೆ ಕ್ಯಾನ್ಸರ್ ಜಾಸ್ತಿ. ಆದರೆ ಒಂದು ಜಾತಿಯನ್ನು ಇನ್ನೊಂದರ ಜೊತೆ ಹೋಲಿಸಿದಾಗ ಲೆಕ್ಕ ಕೆಡುತ್ತದೆ. ಇಲಿಗಿಂತ ಮನುಷ್ಯನಲ್ಲಿ ಸಾವಿರಾರು ಪಟ್ಟು ಕೋಶಗಳು, ಸುಮಾರು ಮೂವತ್ತು ಪಟ್ಟು ಆಯಸ್ಸು. ಆದರೂ ನಮಗೆ ಇಲಿಗಿಂತ ಅಷ್ಟು ಪಟ್ಟು ಹೆಚ್ಚು ಕ್ಯಾನ್ಸರ್ ಬರುವುದಿಲ್ಲ. ಇದನ್ನು 1970ರ ದಶಕದಲ್ಲಿ ಎತ್ತಿ ತೋರಿಸಿದವರು ಇಂಗ್ಲೆಂಡಿನ ರಿಚರ್ಡ್ ಪೀಟೋ. ಅವರ ಹೆಸರಿನಲ್ಲೇ ಇದನ್ನು ಪೀಟೋ ಒಗಟು ಎನ್ನಬಹುದು.

2022ರಲ್ಲಿ ಮೃಗಾಲಯಗಳಲ್ಲಿದ್ದ 191 ಜಾತಿಯ ಸಸ್ತನಿಗಳ, ಒಂದು ಲಕ್ಷಕ್ಕೂ ಹೆಚ್ಚು ಪ್ರಾಣಿಗಳ ದಾಖಲೆ ತೆಗೆದು ನೋಡಿದರು. ಕ್ಯಾನ್ಸರ್ ಸಾವಿಗೂ ದೇಹದ ಗಾತ್ರಕ್ಕೂ ನೇರ ಸಂಬಂಧ ಕಾಣಲಿಲ್ಲ. ಆ ಬಳಿಕ ಬಂದ ಕೆಲವು ವಿಶ್ಲೇಷಣೆಗಳು ದೊಡ್ಡ ಪ್ರಾಣಿಗಳಲ್ಲಿ ಗಡ್ಡೆಗಳು ಸ್ವಲ್ಪ ಹೆಚ್ಚೇ ಎನ್ನುತ್ತವೆ. ಆದರೆ ಆ ಹೆಚ್ಚಳ ಕೋಶಗಳ ಲೆಕ್ಕ ಹೇಳುವಷ್ಟು ದೊಡ್ಡದಲ್ಲ. ಅಂದರೆ ದೊಡ್ಡ ದೇಹ ಬೆಳೆಸಿಕೊಂಡ ಪ್ರಾಣಿಗಳು, ಲಕ್ಷಾಂತರ ವರ್ಷಗಳ ದಾರಿಯಲ್ಲಿ, ಕ್ಯಾನ್ಸರ್ ತಡೆಯುವ ಉಪಾಯವನ್ನೂ ಬೆಳೆಸಿಕೊಂಡಿವೆ. ಆ ಉಪಾಯ ಯಾವುದು? ಅದನ್ನು ನಾವು ಕಲಿಯಬಹುದೇ?

ಪ್ರಾಣಿಗಳ ಮೇಲಿನ ಕ್ಯಾನ್ಸರ್ ಸಂಶೋಧನೆ ಅಂದ ತಕ್ಷಣ ನಮಗೆ ನೆನಪಾಗುವುದು ಪ್ರಯೋಗಾಲಯದ ಇಲಿ. ಇಲಿಗೆ ಕ್ಯಾನ್ಸರ್ ಬರಿಸಿ, ಔಷಧ ಕೊಟ್ಟು ನೋಡುವುದು. ಅದು ಬೇಕಾದ ಕೆಲಸವೇ. ಆದರೆ ಕ್ಯಾನ್ಸರ್ ಬಾರದ ಪ್ರಾಣಿಯನ್ನು ಹುಡುಕಿ, ಯಾಕೆ ಬರಲಿಲ್ಲ ಎಂದು ತಿಳಿದುಕೊಳ್ಳುವ ಇನ್ನೊಂದು ದಾರಿ ಇದೆ. ನನಗೆ ಜಾಸ್ತಿ ಭರವಸೆ ಹುಟ್ಟಿಸುವುದು ಈ ಎರಡನೇ ದಾರಿ.

ಒಂದಲ್ಲ, ಇಪ್ಪತ್ತು

ನಮ್ಮ ಕೋಶಗಳಲ್ಲಿ ಪಿ53 ಅನ್ನುವ ಪ್ರೋಟೀನ್ ಇದೆ. ಇದನ್ನು 1979ರಲ್ಲಿ ಕಂಡುಹಿಡಿದರು. ಮೊದಲ ಹತ್ತು ವರ್ಷ ಇದೇ ಕ್ಯಾನ್ಸರ್ ತರುತ್ತದೆ ಎಂದು ನಂಬಿದ್ದರು. 1989ರ ಹೊತ್ತಿಗೆ ಸತ್ಯ ತಲೆಕೆಳಗಾಯಿತು: ಇದು ಕ್ಯಾನ್ಸರ್ ತಡೆಯುವ ಪ್ರೋಟೀನ್. ಡಿಎನ್‌ಎಗೆ ಪೆಟ್ಟು ಬಿದ್ದರೆ ಪಿ53 ಎಚ್ಚೆತ್ತುಕೊಳ್ಳುತ್ತದೆ. ಕೋಶ ಎರಡಾಗುವುದನ್ನು ನಿಲ್ಲಿಸುತ್ತದೆ. ರಿಪೇರಿ ಸಾಧ್ಯವಿದ್ದರೆ ರಿಪೇರಿಗೆ ಬಿಡುತ್ತದೆ. ಪೆಟ್ಟು ತೀರಾ ದೊಡ್ಡದಾಗಿದ್ದರೆ ಆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪ್ರೋಟೀನ್ ಮಾಡಲು ಹೇಳುವ ಡಿಎನ್‌ಎ ಭಾಗ, ಅಂದರೆ ಪಿ53 ಜೀನೇ ಕೆಟ್ಟಿರುತ್ತದೆ. ಇದೊಂದು ಸಂಗತಿ ಸಾಕು, ಅದರ ಮಹತ್ವ ತಿಳಿಯಲು.

ನಮಗೆ ಈ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಕೆಲವರಿಗೆ ಹುಟ್ಟುವಾಗಲೇ ಅದರಲ್ಲೊಂದು ಕೆಟ್ಟಿರುತ್ತದೆ. ಇದು ಲೀ-ಫ್ರೌಮೆನಿ ಸಿಂಡ್ರೋಮ್. ಇಂಥ ಕುಟುಂಬಗಳಲ್ಲಿ ಮಕ್ಕಳಿಗೆ ಮೂಳೆ, ಮಿದುಳು, ಸ್ನಾಯುಗಳ ಕ್ಯಾನ್ಸರ್, ಹೆಣ್ಣುಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬರುತ್ತದೆ. ಜೀವಮಾನದಲ್ಲಿ ಒಮ್ಮೆಯಾದರೂ ಕ್ಯಾನ್ಸರ್ ಬರುವ ಸಾಧ್ಯತೆ ತುಂಬಾ ಹೆಚ್ಚು. ಒಂದೇ ಮನೆಯಲ್ಲಿ ಅಜ್ಜಿ, ಅಮ್ಮ, ಮಗು ಮೂವರಿಗೂ ಬಂದಿರುವುದುಂಟು.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜೋಶುವಾ ಶಿಫ್‌ಮನ್ ಇಂಥ ಮಕ್ಕಳಿಗೆ ಚಿಕಿತ್ಸೆ ಕೊಡುವ ವೈದ್ಯರು. ಆನೆಯಲ್ಲಿ ಪಿ53 ಜೀನಿನ ನಕಲುಗಳು ತುಂಬಾ ಇವೆ ಎಂದು ಸಹವಿಜ್ಞಾನಿ ಕಾರ್ಲೋ ಮೇಲಿ ಅವರ ಭಾಷಣದಲ್ಲಿ ಕೇಳಿದಾಗ ಅವರು ತಮ್ಮ ರೋಗಿಗಳ ಬಗ್ಗೆ ಯೋಚಿಸಿದ್ದು ಸಹಜ. ಇವರಿಗೆ ಒಂದೂ ಸಾಲದೆ ಹೋಗಿದೆ, ಆನೆಗೆ ಅಷ್ಟೊಂದು ಇವೆ.

2015ರಲ್ಲಿ ಅವರ ತಂಡದ ಫಲಿತಾಂಶ ಬಂತು. ಆಫ್ರಿಕಾದ ಆನೆಗಳಲ್ಲಿ ಪಿ53 ಜೀನಿನ 20 ಆವೃತ್ತಿಗಳಿವೆ: ಒಂದು ಮೂಲದ್ದು, 19 ಆಮೇಲೆ ಸೇರಿಕೊಂಡ ನಕಲುಗಳು. ಅಪ್ಪ-ಅಮ್ಮನ ಕಡೆಯಿಂದ ಸೇರಿಸಿ ಎಣಿಸಿದರೆ ಒಟ್ಟು 40. ಮೃಗಾಲಯದ ಆನೆಗಳಿಗೆ ಮಾಮೂಲಿ ಆರೋಗ್ಯ ತಪಾಸಣೆ ಮಾಡುವಾಗ ತೆಗೆದ ರಕ್ತವೇ ಈ ಸಂಶೋಧನೆಗೆ ಸಾಕಾಯಿತು. ಆ ರಕ್ತದ ಬಿಳಿ ಕೋಶಗಳಿಗೆ ವಿಕಿರಣ ಕೊಟ್ಟು ಡಿಎನ್‌ಎಗೆ ಪೆಟ್ಟು ಮಾಡಿದರು. ಆರೋಗ್ಯವಂತ ಮನುಷ್ಯರ ಕೋಶಗಳಿಗೂ, ಲೀ-ಫ್ರೌಮೆನಿ ಇರುವವರ ಕೋಶಗಳಿಗೂ ಅದನ್ನೇ ಮಾಡಿದರು. ಆನೆಯ ಕೋಶಗಳಲ್ಲಿ ಶೇ. 14.6ರಷ್ಟು ತಾವಾಗಿ ಸತ್ತವು. ಆರೋಗ್ಯವಂತರಲ್ಲಿ ಶೇ. 7.2. ಲೀ-ಫ್ರೌಮೆನಿ ಇದ್ದವರಲ್ಲಿ ಶೇ. 2.7 ಮಾತ್ರ.

ಈ ಮೂರು ಸಂಖ್ಯೆಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಆನೆ ತನ್ನ ಕೆಟ್ಟ ಕೋಶಗಳನ್ನು ರಿಪೇರಿ ಮಾಡುವುದರಲ್ಲಿ ನಮಗಿಂತ ಮುಂದಿಲ್ಲ. ಅದು ಕೆಟ್ಟ ಕೋಶವನ್ನು ಬೇಗ ಕೊಂದುಬಿಡುತ್ತದೆ. ಇಷ್ಟು ದೊಡ್ಡ ದೇಹಕ್ಕೆ ಒಂದು ಕೋಶ ಹೋದರೆ ನಷ್ಟವಿಲ್ಲ, ಅನುಮಾನದ ಕೋಶ ಉಳಿದರೆ ಅಪಾಯ. ಅದೇ ಅಧ್ಯಯನದಲ್ಲಿ 644 ಆನೆಗಳ ಸಾವಿನ ದಾಖಲೆ ನೋಡಿ, ಕ್ಯಾನ್ಸರಿನಿಂದ ಸಾಯುವ ಆನೆಗಳು ಶೇ. 5ಕ್ಕಿಂತ ಕಡಿಮೆ ಎಂದು ಅಂದಾಜು ಮಾಡಿದ್ದರು. ಮನುಷ್ಯರಲ್ಲಿ ಅದು ದೇಶವನ್ನು ನೋಡಿಕೊಂಡು ಶೇ. 11ರಿಂದ 25. ಹಾಗಂತ ಆನೆಗಳಿಗೆ ಗಡ್ಡೆಯೇ ಬರುವುದಿಲ್ಲ ಎಂದಲ್ಲ. ಸಾಕಿದ ಏಷ್ಯಾದ ಹೆಣ್ಣಾನೆಗಳಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳು ತುಂಬಾ ಸಾಮಾನ್ಯ. ಆದರೆ ಅವು ಕ್ಯಾನ್ಸರ್ ಅಲ್ಲ.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಶಿಕಾಗೋ ವಿಶ್ವವಿದ್ಯಾಲಯದ ವಿನ್ಸೆಂಟ್ ಲಿಂಚ್ ತಂಡವೂ ಇದನ್ನೇ ಬೇರೆ ದಾರಿಯಿಂದ ಕಂಡುಕೊಂಡಿತು. ಅವರು ಅಳಿದುಹೋದ ಪ್ರಾಣಿಗಳ ಡಿಎನ್‌ಎಯನ್ನೂ ನೋಡಿದರು. ಮ್ಯಾಮತ್‌ಗಳಲ್ಲೂ ಹಲವು ನಕಲುಗಳಿದ್ದವು. ಆದರೆ ಆನೆಯ ದೂರದ ನೆಂಟನಾದ, ಮೊಲದಷ್ಟೇ ದೊಡ್ಡದಾದ ಹೈರಾಕ್ಸ್‌ನಲ್ಲಿ ಒಂದೇ ಇದೆ. ಆನೆಯ ಪೂರ್ವಜರ ದೇಹ ದೊಡ್ಡದಾಗುತ್ತಾ ಬಂದ ಹಾದಿಯಲ್ಲೇ ನಕಲುಗಳೂ ಹೆಚ್ಚುತ್ತಾ ಬಂದಿವೆ. 2018ರಲ್ಲಿ ಇದೇ ತಂಡ ಇನ್ನೊಂದನ್ನು ಕಂಡಿತು. ಆನೆಯಲ್ಲಿ ಸತ್ತುಹೋಗಿದ್ದ ಎಲ್‌ಐಎಫ್6 ಎಂಬ ಜೀನ್ ಮತ್ತೆ ಜೀವ ಪಡೆದಿದೆ. ಪಿ53 ಅದನ್ನು ಚಾಲೂ ಮಾಡಿದಾಗ, ಅದರ ಪ್ರೋಟೀನ್ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ತೂತು ಮಾಡಿ ಕೋಶವನ್ನು ಮುಗಿಸುತ್ತದೆ.

ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. 2023ರ ಗಣತಿಯ ಅಂದಾಜು 6,395. ದುಬಾರೆಯಲ್ಲೋ ಸಕ್ರೆಬೈಲಿನಲ್ಲೋ ದಸರಾ ಮೆರವಣಿಗೆಯಲ್ಲೋ ನಾವು ನೋಡುವ ಪ್ರತಿ ಆನೆಯ ಕೋಶಗಳಲ್ಲೂ ಇಂಥ ನಕಲುಗಳಿವೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಪಿ53 ಕೋಶದ ಒಳಗೆ ಕೆಲಸ ಮಾಡುವ ಪ್ರೋಟೀನ್. ಆನೆಯ ಬಾಲದ ಕೂದಲಿನ ಉಂಗುರ ತೊಟ್ಟರೆ, ಆನೆಯಿಂದ ಬಂದ ಇನ್ನೇನನ್ನೋ ತಿಂದರೆ ಅದು ನಮ್ಮ ಕೋಶದೊಳಗೆ ಹೋಗುವುದಿಲ್ಲ. ಹೊಟ್ಟೆಗೆ ಹೋದ ಪ್ರೋಟೀನ್ ಅಲ್ಲೇ ಜೀರ್ಣವಾಗುತ್ತದೆ. ಯಾರಾದರೂ ಈ ಸಂಶೋಧನೆಯ ಹೆಸರು ಹೇಳಿ ಅಂಥದ್ದನ್ನು ಮಾರಲು ಬಂದರೆ ನಂಬಬೇಡಿ.

ಹಾಗಾದರೆ ನಮಗೂ ಇನ್ನಷ್ಟು ಪಿ53 ಕೊಟ್ಟರಾಯಿತಲ್ಲ?

ಅಷ್ಟು ಸುಲಭವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಇಲ್ಲಿ ಇಲಿಗಳು ನಮಗೆ ದೊಡ್ಡ ಪಾಠ ಕಲಿಸಿವೆ.

2002ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಬಂತು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪಿ53 ಸದಾ ಹೆಚ್ಚು ಚುರುಕಾಗಿರುವ ಇಲಿಗಳು ಸಿಕ್ಕಿದ್ದವು. ಅವಕ್ಕೆ ಕ್ಯಾನ್ಸರ್ ಕಡಿಮೆಯಾಯಿತು. ಆದರೆ ಬೇಗ ಮುದಿಯಾದವು. ಮೂಳೆ ಸವೆಯಿತು, ಮೈ ಬಡಕಲಾಯಿತು, ಆಯಸ್ಸೂ ತಗ್ಗಿತು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಮ್ಯಾನುಯೆಲ್ ಸೆರಾನೊ ತಂಡ ಬೇರೆ ರೀತಿ ಮಾಡಿತು. ಇಲಿಗೆ ಪಿ53 ಜೀನಿನ ಹೆಚ್ಚುವರಿ ಪ್ರತಿ ಕೊಟ್ಟರು, ಆದರೆ ಅದನ್ನು ಹಿಡಿತದಲ್ಲಿಡುವ ಡಿಎನ್‌ಎ ಭಾಗಗಳನ್ನೂ ಜೊತೆಗೇ ಕೊಟ್ಟರು. ಬೇಕಾದಾಗ ಮಾತ್ರ ಅದು ಏಳುತ್ತಿತ್ತು. ಆ ಇಲಿಗಳಿಗೂ ಕ್ಯಾನ್ಸರ್ ಕಡಿಮೆಯಾಯಿತು, ಮುಪ್ಪು ಮಾತ್ರ ಬೇಗ ಬರಲಿಲ್ಲ. ಪಿ53 ಎಷ್ಟಿದೆ ಅನ್ನುವುದಕ್ಕಿಂತ ಯಾವಾಗ ಏಳುತ್ತದೆ, ಯಾವಾಗ ಸುಮ್ಮನಾಗುತ್ತದೆ ಅನ್ನುವುದೇ ಮುಖ್ಯ ಎಂದು ಆಗ ಗೊತ್ತಾಯಿತು.

ಅದನ್ನು ಸುಮ್ಮನಾಗಿಸುವ ಪ್ರೋಟೀನ್ ಒಂದಿದೆ, ಎಂಡಿಎಂ2. ಆರೋಗ್ಯವಾಗಿರುವ ಕೋಶದಲ್ಲಿ ಇದು ಪಿ53ಗೆ ಅಂಟಿಕೊಂಡು ಅದನ್ನು ಕರಗಿಸುತ್ತಿರುತ್ತದೆ. ಹಲವು ಕ್ಯಾನ್ಸರ್‌ಗಳಲ್ಲಿ ಎಂಡಿಎಂ2 ಅತಿಯಾಗಿ, ಚೆನ್ನಾಗಿರುವ ಪಿ53 ಕೂಡ ಕೆಲಸ ಮಾಡಲಾಗುವುದಿಲ್ಲ. ಈ ಅಂಟನ್ನು ಬಿಡಿಸುವ ಔಷಧಗಳನ್ನು ಇಪ್ಪತ್ತು ವರ್ಷಗಳಿಂದ ಹುಡುಕುತ್ತಿದ್ದಾರೆ, ರೋಗಿಗಳ ಮೇಲೂ ಪರೀಕ್ಷೆಗಳಾಗಿವೆ. ತೊಂದರೆ ಏನೆಂದರೆ ಅವು ಆರೋಗ್ಯವಂತ ಕೋಶಗಳಲ್ಲೂ ಪಿ53 ಎಬ್ಬಿಸುತ್ತವೆ. ರಕ್ತದ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ.

ಆನೆ ಇದನ್ನು ಹೇಗೆ ನಿಭಾಯಿಸಿದೆ? 2022ರಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಸುಳಿವು ಕೊಟ್ಟಿತು. ಆನೆಯ ಪಿ53 ನಕಲುಗಳು ಒಂದರಂತೆ ಇನ್ನೊಂದಿಲ್ಲ. ಎಂಡಿಎಂ2 ಅಂಟಿಕೊಳ್ಳುವ ಜಾಗದಲ್ಲೇ ಅನೇಕ ನಕಲುಗಳು ಬದಲಾಗಿವೆ. ಹಾಗಾಗಿ ಎಂಡಿಎಂ2 ಎಲ್ಲವನ್ನೂ ಒಟ್ಟಿಗೆ ಅಡಗಿಸಲಾರದು. ಕೆಲವು ನಕಲುಗಳು ತುಂಡು ಪ್ರೋಟೀನ್‌ಗಳನ್ನಷ್ಟೇ ಮಾಡುತ್ತವೆ, ಆದರೂ ಅವಕ್ಕೆ ಕೆಲಸವಿದೆ. 2023ರಲ್ಲಿ ಅಂಥ ಒಂದು ನಕಲನ್ನು, ಒಂಬತ್ತನೆಯದನ್ನು, ಮನುಷ್ಯರ ಮೂಳೆ ಕ್ಯಾನ್ಸರ್ ಕೋಶಗಳೊಳಗೆ ಹಾಕಿ ನೋಡಿದರು. ಅದು ಮೈಟೊಕಾಂಡ್ರಿಯಾಕ್ಕೆ ಹೋಗಿ ಕ್ಯಾನ್ಸರ್ ಕೋಶಗಳನ್ನು ಸಾಯಿಸಿತು. ಮನುಷ್ಯನ ಪಿ53 ಸಾಮಾನ್ಯವಾಗಿ ಇತರ ಜೀನ್‌ಗಳನ್ನು ಚಾಲೂ ಮಾಡಿ ಕೋಶ ಸಾಯಿಸುತ್ತದೆ. ಇದು ಆ ಸುತ್ತುದಾರಿ ಹಿಡಿಯಲೇ ಇಲ್ಲ. ಕ್ಯಾನ್ಸರ್ ಆ ಹಳೆಯ ದಾರಿಯನ್ನು ಮುಚ್ಚಿಕೊಂಡಿದ್ದರೂ ಹೊಸ ದಾರಿಯೊಂದು ತೆರೆದಿರಬಹುದು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವ ಸಂಗತಿ ಇದು.

ಆದರೆ ಇವೆಲ್ಲ ನಡೆದಿರುವುದು ಪ್ರಯೋಗಾಲಯದ ತಟ್ಟೆಯಲ್ಲಿ. ದೇಹದೊಳಗಿನ ಗಡ್ಡೆಯ ಕೋಟ್ಯಂತರ ಕೋಶಗಳಿಗೆ ಈ ಪ್ರೋಟೀನ್ ತಲುಪಿಸುವುದೇ ದೊಡ್ಡ ಸವಾಲು. ವೈರಸ್ ಮೂಲಕ ಮನುಷ್ಯನ ಪಿ53 ಜೀನನ್ನು ಗಡ್ಡೆಗೆ ಸೇರಿಸುವ ಔಷಧಕ್ಕೆ ಚೀನಾ 2003ರಲ್ಲೇ ಒಪ್ಪಿಗೆ ಕೊಟ್ಟಿದೆ, ತಲೆ-ಕುತ್ತಿಗೆ ಕ್ಯಾನ್ಸರಿಗೆ. ಆದರೆ ವೈರಸ್ ಚುಚ್ಚಿದ ಜಾಗದಲ್ಲಿ ಕೆಲಸ ಮಾಡುತ್ತದೆ, ದೂರಕ್ಕೆ ಹರಡಿದ ಕ್ಯಾನ್ಸರನ್ನು ಮುಟ್ಟುವುದು ಕಷ್ಟ. ಅಮೆರಿಕದಲ್ಲಿ ಅಂಥದ್ದೇ ಔಷಧಕ್ಕೆ ಅನುಮತಿ ಸಿಗಲಿಲ್ಲ. ಆನೆಯ ಪಿ53ಯನ್ನು ನ್ಯಾನೊಕಣಗಳಲ್ಲಿ ತುಂಬಿ ಕಳಿಸುವ ಪ್ರಯತ್ನವನ್ನು ಶಿಫ್‌ಮನ್ ಅವರು ಇಸ್ರೇಲಿನ ಅವಿ ಶ್ರೋಡರ್ ಜೊತೆ ಸೇರಿ ಶುರು ಮಾಡಿದ್ದಾರೆ. ಆನೆಯ ಪಿ53ಯಿಂದ ಮಾಡಿದ, ಆಸ್ಪತ್ರೆಯಲ್ಲಿ ಬರೆದುಕೊಡಬಹುದಾದ ಔಷಧ ಇವತ್ತಿಗೆ ಇಲ್ಲ.

ಬಿಲದ ಇಲಿ, ಹಿಮದ ತಿಮಿಂಗಿಲ

ಆನೆಯದೊಂದೇ ದಾರಿಯಲ್ಲ. ಪೂರ್ವ ಆಫ್ರಿಕಾದ ನೆಲದಡಿಯಲ್ಲಿ ನೇಕೆಡ್ ಮೋಲ್ ರ್ಯಾಟ್ ಎನ್ನುವ, ಮೈಮೇಲೆ ಕೂದಲೇ ಇಲ್ಲದ ಪ್ರಾಣಿ ಇದೆ. ಗಾತ್ರ ಇಲಿಯಷ್ಟು, ಆಯಸ್ಸು ಮೂವತ್ತು ವರ್ಷಕ್ಕೂ ಹೆಚ್ಚು. ಮಾಮೂಲಿ ಇಲಿ ಮೂರು ವರ್ಷ ಬದುಕಿದರೆ ಹೆಚ್ಚು. ರೋಚೆಸ್ಟರ್ ವಿಶ್ವವಿದ್ಯಾಲಯದ ವೆರಾ ಗೊರ್ಬುನೊವಾ ಮತ್ತು ಆಂಡ್ರೆ ಸೆಲುವಾನೊವ್ ಇದರ ಕೋಶಗಳನ್ನು ಬೆಳೆಸುತ್ತಿದ್ದಾಗ ದ್ರವ ಪಾಕದಂತೆ ಗಟ್ಟಿಯಾಗಿ ಪಂಪಿನ ಕೊಳವೆ ಕಟ್ಟಿಕೊಳ್ಳುತ್ತಿತ್ತು. ಅದೇನೆಂದು ನೋಡಿದರೆ ಹಯಲುರೊನಾನ್. ನಮ್ಮ ಕೀಲುಗಳಲ್ಲೂ ಚರ್ಮದಲ್ಲೂ ಇರುವ ಲೋಳೆ ವಸ್ತು ಅದು, ಮುಖದ ಕ್ರೀಮುಗಳಲ್ಲಿ ಹಾಕುವುದೂ ಅದನ್ನೇ. ಈ ಪ್ರಾಣಿಯಲ್ಲಿ ಅದರ ಅಣು ನಮ್ಮದಕ್ಕಿಂತ ಐದು ಪಟ್ಟಿಗೂ ದೊಡ್ಡದು. 2013ರಲ್ಲಿ ಅವರು ತೋರಿಸಿದ್ದು ಇದು: ಕ್ಯಾನ್ಸರ್ ತರುವ ಜೀನ್‌ಗಳನ್ನು ಹಾಕಿದರೂ ಅದರ ಕೋಶಗಳು ಜಗ್ಗುವುದಿಲ್ಲ, ಆದರೆ ಆ ಹಯಲುರೊನಾನ್ ತೆಗೆದರೆ ಅವೂ ಕ್ಯಾನ್ಸರಿಗೆ ತಿರುಗುತ್ತವೆ.

2020ರಲ್ಲಿ ಕೇಂಬ್ರಿಜ್‌ನ ತಂಡ ಇದನ್ನು ಪ್ರಶ್ನಿಸಿತು. ಮಾಮೂಲಿ ಇಲಿಯ ಕೋಶಗಳಲ್ಲಿ ಕ್ಯಾನ್ಸರ್ ತರುವ ಜೀನ್‌ಗಳೇ ಇದರ ಕೋಶಗಳಲ್ಲೂ ಕ್ಯಾನ್ಸರ್ ತಂದವು, ರಕ್ಷಣೆ ಇರುವುದು ಕೋಶದಲ್ಲಲ್ಲ, ಸುತ್ತಲಿನ ವಾತಾವರಣದಲ್ಲಿ ಇರಬಹುದು ಎಂದಿತು. ಮೃಗಾಲಯಗಳಲ್ಲಿ ಈ ಪ್ರಾಣಿಗೆ ಕ್ಯಾನ್ಸರ್ ಬಂದ ಉದಾಹರಣೆಗಳೂ 2016ರಲ್ಲಿ ವರದಿಯಾಗಿದ್ದವು. ಜಗಳ ಇನ್ನೂ ಮುಗಿದಿಲ್ಲ. ಆದರೂ 2023ರಲ್ಲಿ ಗೊರ್ಬುನೊವಾ ತಂಡ ಈ ಪ್ರಾಣಿಯ ಹಯಲುರೊನಾನ್ ಜೀನನ್ನು ಮಾಮೂಲಿ ಇಲಿಗೆ ಸೇರಿಸಿ ತೋರಿಸಿತು. ಕ್ಯಾನ್ಸರ್ ಕಡಿಮೆಯಾಯಿತು, ಆಯಸ್ಸು ಶೇ. 4ರಷ್ಟು ಹೆಚ್ಚಿತು. ಕೇಳಲು ಸಣ್ಣ ಸಂಖ್ಯೆ. ಆದರೆ ಒಂದು ಪ್ರಾಣಿಯ ರಕ್ಷಣೆಯನ್ನು ಇನ್ನೊಂದು ಪ್ರಾಣಿಗೆ ದಾಟಿಸಬಹುದು ಎಂದು ಅದು ತೋರಿಸಿತು.

ಉತ್ತರ ಧ್ರುವದ ಬೋಹೆಡ್ ತಿಮಿಂಗಿಲ ಇನ್ನೂರು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಇದಕ್ಕೆ ಆನೆಯಂತೆ ಪಿ53 ನಕಲುಗಳಿಲ್ಲ. ಇನ್ನೊಂದು ವಿಚಿತ್ರವೆಂದರೆ, ಇದರ ಕೋಶ ಕ್ಯಾನ್ಸರ್ ಆಗಲು ಮನುಷ್ಯನ ಕೋಶಕ್ಕಿಂತ ಕಡಿಮೆ ತಪ್ಪುಗಳೇ ಸಾಕು. ಆದರೆ ಆ ತಪ್ಪುಗಳು ಆಗುವುದೇ ಅಪರೂಪ. ಮುರಿದ ಡಿಎನ್‌ಎಯನ್ನು ಇದು ಅಷ್ಟು ಚೆನ್ನಾಗಿ ಜೋಡಿಸುತ್ತದೆ. ಚಳಿಯಲ್ಲಿ ಹೆಚ್ಚುವ ಸಿಐಆರ್‌ಬಿಪಿ ಎಂಬ ಪ್ರೋಟೀನ್ ಇದಕ್ಕೆ ನೆರವಾಗುತ್ತದೆ ಎಂದು ರೋಚೆಸ್ಟರ್ ತಂಡ 2025ರಲ್ಲಿ ಪ್ರಕಟಿಸಿತು. ಆನೆ ಕೊಲ್ಲುತ್ತದೆ, ತಿಮಿಂಗಿಲ ತಿದ್ದುತ್ತದೆ. ಒಂದೇ ರೋಗಕ್ಕೆ ಪ್ರಕೃತಿ ಹಿಡಿದಿರುವ ಬೇರೆ ಬೇರೆ ದಾರಿಗಳು.

ಇಲಿ ವಾಸಿಯಾದ ಸುದ್ದಿ ಓದುವಾಗ

ಭರವಸೆಯ ಜೊತೆಗೆ ಎಚ್ಚರವೂ ಬೇಕು. 1998ರ ಮೇ ತಿಂಗಳಲ್ಲಿ ಅಮೆರಿಕದ ಪತ್ರಿಕೆಯೊಂದರ ಮುಖಪುಟದಲ್ಲಿ ಎಂಡೊಸ್ಟಾಟಿನ್ ಎಂಬ, ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಪ್ರೋಟೀನ್ ಬಗ್ಗೆ ಸುದ್ದಿ ಬಂತು. ಬೋಸ್ಟನ್ನಿನ ಜೂಡಾ ಫೋಕ್‌ಮನ್ ಪ್ರಯೋಗಾಲಯದಲ್ಲಿ ಅದು ಇಲಿಗಳ ಗಡ್ಡೆಗಳನ್ನು ಕರಗಿಸಿತ್ತು. ರೋಗಿಗಳು ಆಸ್ಪತ್ರೆಗಳಿಗೆ ಮುಗಿಬಿದ್ದು ಫೋನ್ ಮಾಡಿದರು. ಫೋಕ್‌ಮನ್ ಅವರೇ ಎಚ್ಚರಿಸಿದ್ದರು, ಸದ್ಯಕ್ಕೆ ಇಲಿಗಳ ಕ್ಯಾನ್ಸರನ್ನಷ್ಟೇ ನಾವು ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂದು. ಮನುಷ್ಯರಲ್ಲಿ ಅಂಥ ಫಲಿತಾಂಶ ಸಿಗಲೇ ಇಲ್ಲ. ಇಲಿಗೆ ಚುಚ್ಚಿದ ಗಡ್ಡೆ ಕೆಲವೇ ವಾರಗಳಲ್ಲಿ ಬೆಳೆದದ್ದು, ನಮ್ಮ ಗಡ್ಡೆ ವರ್ಷಗಟ್ಟಲೆ ಬದಲಾಗುತ್ತಾ ಬೆಳೆದದ್ದು. ಎರಡೂ ಒಂದೇ ಅಲ್ಲ. ಆದರೆ ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯಬೇಕು ಎಂಬ ಅವರ ಮೂಲ ವಿಚಾರ ಸರಿಯಾಗಿತ್ತು. ಅದೇ ವಿಚಾರದ ಮೇಲೆ ನಿಂತ ಬೆವಾಸಿಜುಮ್ಯಾಬ್ ಎಂಬ ಔಷಧ 2004ರಲ್ಲಿ ಬಂತು, ಇವತ್ತು ನಮ್ಮ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ.

ಪೂರ್ತಿ ಗೆದ್ದ ಉದಾಹರಣೆಯೂ ಇದೆ. ರೋಗನಿರೋಧಕ ಕೋಶಗಳನ್ನು ತಡೆದು ನಿಲ್ಲಿಸುವ ಸಿಟಿಎಲ್‌ಎ-4 ಎಂಬ ಪ್ರೋಟೀನನ್ನು ಮುಚ್ಚಿದರೆ ಇಲಿಗಳ ಗಡ್ಡೆ ಮಾಯವಾಗುತ್ತದೆ ಎಂದು ಜೇಮ್ಸ್ ಆ್ಯಲಿಸನ್ ತಂಡ 1996ರಲ್ಲಿ ತೋರಿಸಿತು. ಹಾಗೆ ಮುಚ್ಚುವ ಔಷಧ ರೋಗಿಗಳಿಗೆ ಸಿಕ್ಕಿದ್ದು 2011ರಲ್ಲಿ, ನೊಬೆಲ್ ಬಂದದ್ದು 2018ರಲ್ಲಿ. ಹದಿನೈದು ವರ್ಷ! ಎಲ್ಲವೂ ಸರಿಯಾದ ಔಷಧಕ್ಕೂ ಅಷ್ಟು ಕಾಲ ಹಿಡಿಯಿತು. ಹಾಗಾಗಿ ಸುದ್ದಿ ಓದುವಾಗ ನೋಡಬೇಕಾದ್ದು ಮೊದಲಿಗೆ ಒಂದೇ: ಇದು ನಡೆದಿರುವುದು ತಟ್ಟೆಯ ಕೋಶದಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ?

ಈ ಕೆಲಸದಲ್ಲಿ ಇಲಿಗಳು ನೋವು ತಿನ್ನುತ್ತವೆ, ಸಾಯುತ್ತವೆ. ಅದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. 2023ರಲ್ಲಿ ಭಾರತವೂ ತನ್ನ ಹೊಸ ಔಷಧ ನಿಯಮಗಳನ್ನು ತಿದ್ದಿ, ಮನುಷ್ಯರ ಕೋಶಗಳಿಂದ ಬೆಳೆಸಿದ ಪುಟ್ಟ ಅಂಗಗಳಂಥ ಬದಲಿ ವಿಧಾನಗಳಿಗೆ ದಾರಿ ಮಾಡಿದೆ. ಆನೆಯ ಸಂಶೋಧನೆಗೆ ಬೇಕಾದದ್ದು ಸ್ವಲ್ಪ ರಕ್ತ ಮಾತ್ರ. ನಾಯಿಗಳ ಮೂಳೆ ಕ್ಯಾನ್ಸರ್ ಮಕ್ಕಳದ್ದನ್ನೇ ಹೋಲುವುದರಿಂದ, ಮಾಲೀಕರ ಒಪ್ಪಿಗೆ ಪಡೆದು ಸಾಕುನಾಯಿಗಳಿಗೆ ಹೊಸ ಚಿಕಿತ್ಸೆ ಕೊಟ್ಟು ನೋಡುವ ಕಾರ್ಯಕ್ರಮವನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಿಂದ ನಡೆಸುತ್ತಿದೆ. ಅಲ್ಲಿ ನಾಯಿಯೂ ರೋಗಿಯೇ.

ಲೀ-ಫ್ರೌಮೆನಿ ಕುಟುಂಬಗಳು ಆನೆಯ ಔಷಧಕ್ಕಾಗಿ ಕಾದು ಕೂರಬೇಕಿಲ್ಲ. ಟೊರಾಂಟೊದ ವೈದ್ಯರು ರೂಪಿಸಿದ ಕ್ರಮದಲ್ಲಿ ಇಂಥವರಿಗೆ ವರ್ಷಕ್ಕೊಮ್ಮೆ ಇಡೀ ದೇಹದ ಎಂಆರ್‌ಐ, ಮಧ್ಯೆ ಮಧ್ಯೆ ಅಲ್ಟ್ರಾಸೌಂಡ್, ರಕ್ತಪರೀಕ್ಷೆ ಮಾಡುತ್ತಾರೆ. 2016ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಹೀಗೆ ನಿಗಾ ಇಟ್ಟವರಲ್ಲಿ ಐದು ವರ್ಷ ಬದುಕಿದವರು ಶೇ. 88.8. ನಿಗಾ ಇಲ್ಲದವರಲ್ಲಿ ಶೇ. 59.6. ಒಂದೇ ಕುಟುಂಬದಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಬಂದಿದ್ದರೆ, ಅದರಲ್ಲೂ ಮಕ್ಕಳಿಗೆ ಬಂದಿದ್ದರೆ, ಕ್ಯಾನ್ಸರ್ ತಜ್ಞರನ್ನು ಕಂಡು ಜೆನೆಟಿಕ್ ಕೌನ್ಸೆಲಿಂಗ್ ಬಗ್ಗೆ ಕೇಳಿ. ಪಿ53 ಜೀನ್ ಸರಿಯಿದೆಯೇ ಎಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.